ಏಳನೆಯ ಅಧ್ಯಾಯ ಹೊತ್ತು ಸಮರ್‌ಕಂದಿಗೆ

ಹುಮನಾಬಾದ್

ಸಮರ್‌ಕಂದಿನಲ್ಲಿ ಏನೇನು ನೋಡಿದಿರಿ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತ ಬಂದಿದ್ದೇನೆ: ಕಾಶಿಬಾಯಿಯ ಬೆನ್ನು. ನೀಲಿ ಗುಮ್ಮಟಗಳ ಮುಂದೆ, ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ, ಕುರಿ ಬಜಾರಿನ ಕೆಸರಿನಲ್ಲಿ, ಎಲ್ಲಿ ಕಣ್ಣು ಹಾಯಿಸಿದರೂ ಅದು ನನಗಿಂತ ಹತ್ತು ಮಾರು ಮುಂದೆ, ಹೆಗಲ ಮೇಲೆ ಕೆಂಪು ಟವೆಲ್ ಹೊತ್ತು, ಹೋಗಬಾರದ ಕಡೆಗೇ ಹೋಗುತ್ತಿತ್ತು.

ಕಾಶಿಬಾಯಿ ಬೇಮಳಖೇಡದವಳು. ಹುಮನಾಬಾದಿನ ಹುಡುಗಿಯರ ಹಾಸ್ಟೆಲಿನಲ್ಲಿ ಏಳನೆಯ ತರಗತಿಯವರೆಗೆ ನನ್ನ ಜೋಡಿ ಓದಿದಳು. ಆಮೇಲೆ ನಾನು ಬಸವಕಲ್ಯಾಣದಲ್ಲಿ ಕನ್ನಡ ಮಾಸ್ತರಿಣಿಯಾದೆ, ಅವಳು ಕುರಿ ಮೇಕೆಗಳ ವ್ಯಾಪಾರಕ್ಕೆ ಇಳಿದಳು. ನಮ್ಮ ಕಡೆಯ ಸಂತೆಗಳಲ್ಲಿ ದರ ಬಾಯಲ್ಲಿ ಆಡುವುದಿಲ್ಲ. ಮಾರುವವನೂ ಕೊಳ್ಳುವವನೂ ಒಂದು ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿ ಒತ್ತಿ ಮಾತು ಮುಗಿಸುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ಯಾರ ಕುರಿಗೆ ಕಡಿಮೆ ಬಂತೋ ಅವನ ಮಾನ ಉಳಿಯಲಿ ಎಂದು ಈ ಪದ್ಧತಿ. ಗಂಡಸರ ಕೈಯೊಂದಿಗೆ ಟವೆಲಿನ ಕೆಳಗೆ ಕೈ ಇಟ್ಟು ಕೂಡುವ ಹೆಂಗಸು ನಾನು ನೋಡಿದಂತೆ ಕಾಶಿಬಾಯಿ ಒಬ್ಬಳೇ.

ಇಂಥ ಗೆಳತಿ ಇದ್ದ ಮೇಲೆ ಕಾದಂಬರಿ ಬರೆಯದೆ ಇರಲಾಗಲಿಲ್ಲ. ನಾಲ್ಕು ವರ್ಷ ಬರೆದೆ. ಸಾಧು ಹೆಂಗಸೊಬ್ಬಳನ್ನು ಗಟ್ಟಿಗಿತ್ತಿ ಗೆಳತಿಯೊಬ್ಬಳು ಎಚ್ಚರಿಸುವ ಕಥೆ. ಕಾಶಿಗೆ ಅದರಲ್ಲಿ ಗೌರಿ ಎಂದು ಹೆಸರಿಟ್ಟೆ. ಹಸ್ತಪ್ರತಿ ಓದಿದವರೆಲ್ಲ ಮೆಚ್ಚಿದ್ದು ಏಳನೆಯ ಅಧ್ಯಾಯ. ಹೊಸದಾಗಿ ಮದುವೆಯಾದ ಹುಡುಗಿ ಗಂಡನ ಜೋಡಿ ಹುಮನಾಬಾದಿನಿಂದ ಹೈದರಾಬಾದಿಗೆ ಸಂಸಾರ ಹೂಡಲು ಹೊರಟಿದ್ದಾಳೆ. ಮರುದಿನ ಬೀದರಿನಲ್ಲಿ ಅವಳ ಪರೀಕ್ಷೆ. ಬರೆಯುವುದು ಬೇಡವೆಂದು ಅತ್ತೆ ಮನೆಯ ತೀರ್ಮಾನ. ಬಸ್ಸು ಮನ್ನಾಏಖೇಳ್ಳಿಯಲ್ಲಿ ನಿಂತಾಗ ಕೆಂಪು ಟವೆಲಿನ ಗೌರಿ ಕಂಕುಳಲ್ಲಿ ಮೇಕೆಮರಿ ಇಟ್ಟುಕೊಂಡು ಹತ್ತುತ್ತಾಳೆ, ಹುಡುಗಿಯ ಮುಂಗೈ ಹಿಡಿದು "ಇಳಿ" ಅನ್ನುತ್ತಾಳೆ. ಕಂಡಕ್ಟರ್ "ಎಷ್ಟು ಮಂದಿ?" ಎಂದು ಕೇಳಿದರೆ ಗೌರಿಯೇ "ಇಬ್ಬರು" ಎಂದು ಹೇಳಿ ಇಳಿಸಿಕೊಂಡು ಹೋಗುತ್ತಾಳೆ. ಎದುರಿಗೆ ಬೀದರಿನ ಬಸ್ಸು ನಿಂತಿರುತ್ತದೆ.

ಇದು ಕಟ್ಟಿದ್ದಲ್ಲ. ನನಗೇ ಆದದ್ದು. ನೆನಪಿನ ವಿಷಯದಲ್ಲಿ ನಾನು ಜಿಪುಣಿ. ನೋಡಿದ್ದನ್ನು ನೋಡಿದಷ್ಟೇ ಹೇಳುವವಳು ಎಂದು ಶಾಲೆಯಲ್ಲೂ ಹೆಸರು.

ಪುಸ್ತಕ ಅಚ್ಚಾಗುತ್ತಿರುವುದು ಹುಮನಾಬಾದಿನ ವೀರಣ್ಣನವರ ಪ್ರೆಸ್ಸಿನಲ್ಲಿ. ಮುಖಪುಟ ಆಗಲೇ ತಯಾರು. ಕೊನೆಯ ಕರಡು ನನ್ನ ಕೈಗೆ ಕೊಟ್ಟು, "ಪರದೇಶಕ್ಕ ಹೋಗಿ ಬರ್ರಿ, ಬಂದ ದಿನಾನೇ ತಿದ್ದಿ ಕೊಡ್ರಿ, ಮಷೀನ್ ಖಾಲಿ ಇಟ್ಟೀನಿ" ಅಂದರು. ಅಚ್ಚಾಗುವ ಮೊದಲು ಕಾಶಿಗೆ ಓದಿ ಹೇಳಿ ಅವಳ ಒಪ್ಪಿಗೆ ಪಡೆಯಬೇಕೆಂದು ನಾಲ್ಕು ಸಲ ಬೇಮಳಖೇಡಕ್ಕೆ ಹೋಗಿದ್ದೆ. ಒಮ್ಮೆ ಕುರಿ ಈಯುತ್ತಿತ್ತು. ಒಮ್ಮೆ ಲಾರಿ ಬಂದಿತ್ತು. ಎರಡು ಸಲ ಅವಳೇ ಇರಲಿಲ್ಲ. ಹೈದರಾಬಾದಿನಿಂದ ಹೊರಡುವ ಈ ಪ್ರವಾಸಕ್ಕೆ ನನ್ನ ಜೋಡಿ ಬರಬೇಕಿದ್ದ ನಾದಿನಿ ಮೊಣಕಾಲು ನೋವೆಂದು ಹಿಂದೆ ಸರಿದಾಗ ನನಗೆ ಹೊಳೆಯಿತು: ಎಂಟು ದಿನ ಕಾಶಿ ನನ್ನ ಪಕ್ಕದ ಸೀಟಿನಲ್ಲಿ ಕೂತಿರುತ್ತಾಳೆ, ಓಡಿಹೋಗಲು ಕುರಿ ಇರುವುದಿಲ್ಲ. ಕುವೈತಿನಲ್ಲಿ ಕುರಿ ಸಾಕುವ ಕೆಲಸವಿದೆ ಎಂದು ಯಾರೋ ಹೇಳಿದ್ದಕ್ಕೆ ಮಾಡಿಸಿಟ್ಟ ಪಾಸ್‌ಪೋರ್ಟೂ ಅವಳ ಹತ್ತಿರ ಇತ್ತು.

ಓಡಿಹೋಗಲು ಕುರಿ ಇರುವುದಿಲ್ಲ ಎಂದು ಎಣಿಸಿದ್ದು ನನ್ನ ತಪ್ಪು.

ದೆಹಲಿ, ತಾಷ್ಕೆಂಟ್

ಹೈದರಾಬಾದಿನಿಂದ ದೆಹಲಿಗೆ ರೈಲು. ಅಲ್ಲಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಾಶಿಯ ಕೈಚೀಲದಿಂದ ಉಣ್ಣೆ ಕತ್ತರಿಸುವ ಕತ್ತರಿ ಹೊರಬಂತು. ಮೊಣಕೈಯಷ್ಟು ಉದ್ದ. ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಕುರೀದು ಅದ ಸಾಹೇಬ್ರ, ಮನಷ್ಯಾರ್ದಲ್ಲ," ಅಂದಳು ಕಾಶಿ, ಕನ್ನಡದಲ್ಲೇ.

"ಇದನ್ಯಾಕ ತಂದಿ?" ಅಂದೆ ನಾನು.

"ಎಂಟು ದಿನ ಮನಿಯಾಗ ಬಿಟ್ಟರ ಮಗ್ಗಲ ಮನಿಯಾವ ಒಯ್ತಾನ. ವಾಪಸ್ ಕೊಡಂಗಿಲ್ಲ ಆಂವ."

ಇದಕ್ಕಾಗಿ ಮೂವತ್ತು ಜನರ ನಮ್ಮ ಗುಂಪು ನಿಂತು ಕಾಯಿತು. ಕತ್ತರಿ ದೆಹಲಿಯಲ್ಲೇ ಉಳಿಯಿತು, ಅದರ ಶೋಕ ತಾಷ್ಕೆಂಟಿನವರೆಗೂ ನಡೆಯಿತು. ವಿಮಾನದಲ್ಲಿ ನಾನು ಕರಡು ತೆಗೆದು ಮೊದಲನೆಯ ಅಧ್ಯಾಯ ಓದತೊಡಗಿದೆ. ಎರಡನೆಯ ಪುಟಕ್ಕೆ ಗೊರಕೆ ಕೇಳಿಸಿತು.

ತಾಷ್ಕೆಂಟಿನಲ್ಲಿ ನಮ್ಮನ್ನು ಕರೆದೊಯ್ಯಲು ಬಂದವರು ಗುಲ್‌ನೋರಾ ಎಂಬ ಮಧ್ಯವಯಸ್ಸಿನ ಗೈಡ್. ಅವರ ಹಿಂದಿ ನನ್ನ ಹಿಂದಿಗಿಂತ ಶುದ್ಧ. ಕಾಶಿಗೆ ಬರುವುದು ನಮ್ಮ ಬೀದರ್ ಕಡೆಯ ದಖ್ಖನಿ. ಬಜಾರು, ದೋಸ್ತ್, ಮೆಹಮಾನ್, ಗೋಷ್ತ್ ಎಂದು ಆ ಊರಿನವರ ಬಾಯಲ್ಲೂ ಸ್ವಲ್ಪ ಬೇರೆ ರುಚಿಯಲ್ಲಿ ಅವೇ ಮಾತು ಬರುತ್ತಿದ್ದವು. ಸಂಜೆಯೊಳಗೆ ಕಾಶಿಗೆ ಊರಿನಲ್ಲಿ ಎಂಟು ಜನ ಗುರುತಿನವರಾದರು. ನನಗೆ ಹೋಟೆಲಿನ ಲಿಫ್ಟ್ ಮಾತ್ರ ಗುರುತಾಯಿತು.

ಸಮರ್‌ಕಂದ್, ಮೊದಲ ದಿನ

ತಾಷ್ಕೆಂಟಿನಿಂದ ಹೊರಟ ರೈಲಿನಲ್ಲಿ ಎರಡನೆಯ ಅಧ್ಯಾಯ ಓದಿದೆ. ಕಾಶಿ ಎದುರಿನ ಸೀಟಿನ ಅಜ್ಜಿಯ ಜೋಡಿ ರೊಟ್ಟಿ ಅದಲುಬದಲು ಮಾಡಿಕೊಳ್ಳುತ್ತಿದ್ದಳು. ಅಜ್ಜಿ ದುಂಡಗಿನ, ನಡುವೆ ಹೂವಿನ ಅಚ್ಚು ಒತ್ತಿದ ನಾನ್ ಕೊಟ್ಟಳು. ಕಾಶಿ ಜೋಳದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಅಜ್ಜಿ ರೊಟ್ಟಿ ಮುರಿದಾಗ ಆದ ಸದ್ದಿಗೆ ಬೋಗಿಯೇ ತಿರುಗಿ ನೋಡಿತು. ಕಾಶಿ ನಾನ್ ಅನ್ನು ಬೋರಲು ಇಟ್ಟಳು. ಅಜ್ಜಿ ಗಾಬರಿಯಾಗಿ ಅದನ್ನು ತಿರುಗಿಸಿ, ಮುಖ ಮೇಲೆ ಮಾಡಿ ಇಟ್ಟಳು. ಅಲ್ಲಿ ರೊಟ್ಟಿಯ ಮುಖ ಕೆಳಗೆ ಮಾಡುವುದು ಅಗೌರವ. ನಮ್ಮಲ್ಲಿ ರೊಟ್ಟಿ ಬುಟ್ಟಿಯಲ್ಲಿ ಹೇಗೆ ಬಿದ್ದರೂ ರೊಟ್ಟಿಯೇ.

ಮಧ್ಯಾಹ್ನ ಗುಲ್‌ನೋರಾ ಅವರ ಅಕ್ಕನ ಮನೆಯಲ್ಲಿ ಚಹಾ. ಅಕ್ಕ ಚಹಾವನ್ನು ಪಿಯಾಲೆ ಎಂಬ ಹಿಡಿಯಿಲ್ಲದ ಬಟ್ಟಲಿಗೆ ಸುರಿದು ಮತ್ತೆ ಕೆಟಲಿಗೇ ಹಾಕಿದರು. ಹೀಗೆ ಮೂರು ಸಲ. ಕಾಶಿ ನನ್ನ ಕಿವಿಯಲ್ಲಿ, "ಕೊಡೋ ಮನಸಿಲ್ಲೇನೋ," ಅಂದಳು. ಕೊನೆಗೆ ಕೊಟ್ಟಾಗ ಪಿಯಾಲೆ ಅರ್ಧವೂ ತುಂಬಿರಲಿಲ್ಲ. ಬೇಗ ಬೇಗ ಬಿಸಿ ಚಹಾ ತುಂಬಿಸುತ್ತ ಅತಿಥಿಯನ್ನು ವಿಚಾರಿಸಿಕೊಳ್ಳಲಿಕ್ಕೆ ಹಾಗೆ. ತುಂಬಾ ತುಂಬಿಸಿ ಕೊಟ್ಟರೆ ಕುಡಿದು ಏಳಿ ಎಂದು ಅರ್ಥ. ಗುಲ್‌ನೋರಾ ಇಷ್ಟನ್ನೂ ಬಿಡಿಸಿ ಹೇಳುತ್ತಿದ್ದಾಗಲೇ ಕಾಶಿ ಪಿಯಾಲೆ ಮುಂದೆ ಚಾಚಿ, "ಫುಲ್ ಹಾಕ್ರಿ ಬಾಯಿ, ಹುಮನಾಬಾದ್ ಬಸ್‌ಸ್ಟ್ಯಾಂಡಿನ್ಯಾಗ ಸುದಾ ಇಷ್ಟು ಕಟ್ ಚಾ ಕೊಡಂಗಿಲ್ಲ," ಅಂದಳು. ಮನೆಯಾಕೆ ನಕ್ಕು ತುಂಬಿಸಿದರು. ನಾನು ಗೋಡೆಯ ಮೇಲಿನ ಕಸೂತಿಯನ್ನು ಬಹಳ ಹೊತ್ತು ನೋಡಿದೆ.

ಹೊರಗೆ ಬಂದ ಮೇಲೆ ನಾನು ಸಿಟ್ಟಿನಿಂದ ಅಂದೆ, "ಇನ್ನೂ ಐದು ದಿನ ಉಳಿದಾವ. ಏಳನೇ ಅಧ್ಯಾಯನರೆ ಕೇಳು. ನಿನ್ನ ಬಗ್ಗೇನೇ ಅದ."

"ನನ್ನ ಬಗ್ಗೆ ನಂಗ ಗೊತ್ತದಲ್ಲ. ಮತ್ತ್ಯಾಕ ಕೇಳ್ಲಿ?"

ಸಮರ್‌ಕಂದಿನ ಹೊರಗೆ, ಕುರಿ ಬಜಾರು

ಇದು ನಮ್ಮ ಕಾರ್ಯಕ್ರಮದಲ್ಲಿ ಇರಲಿಲ್ಲ. ಬಸ್ಸಿನ ಕಿಟಕಿಯಿಂದ ಕಾಶಿ ಒಂದು ಬಯಲಿನ ತುಂಬ ಕುರಿ ನೋಡಿದಳು. ಮುಂದಿನ ಐದು ನಿಮಿಷ ಬಸ್ಸಿನಲ್ಲಿ ಯಾರಿಗೂ ಬೇರೆ ಮಾತು ಆಡಲಾಗಲಿಲ್ಲ. ಗುಲ್‌ನೋರಾ ಸೋತು, "ಅರ್ಧ ತಾಸು," ಅಂದರು.

ಆ ಕುರಿಗಳ ಹಿಂಭಾಗದಲ್ಲಿ ಬಾಲದ ಬದಲು ದಿಂಬಿನಂಥ ಕೊಬ್ಬಿನ ಗಂಟು ತೂಗುತ್ತದೆ. "ದುಂಬಾ!" ಎಂದು ಕೂಗಿ ಕಾಶಿ ನೇರ ನಡೆದು, ಸಿಕ್ಕ ಕುರಿಯ ದಿಂಬನ್ನು ಎರಡೂ ಕೈಯಿಂದ ಎತ್ತಿ ತೂಕ ನೋಡಿದಳು. ಕುರಿಯ ಒಡೆಯ, ಕಪ್ಪು ಟೋಪಿಯ ಗಡ್ಡದ ಮುದುಕ, ಬೇಡ ಅನ್ನಲಿಲ್ಲ. ಹಾಗೆ ಎತ್ತಿ ನೋಡುವುದು ಅಲ್ಲಿಯೂ ಪದ್ಧತಿಯಂತೆ.

ವ್ಯಾಪಾರದ ಪದ್ಧತಿ ಮಾತ್ರ ನಮ್ಮದಕ್ಕೆ ಪೂರಾ ಉಲ್ಟಾ. ನಡುವೆ ಒಬ್ಬ ದಲಾಲ ನಿಲ್ಲುತ್ತಾನೆ, ಅಲ್ಲಿನ ಭಾಷೆಯಲ್ಲೂ ಹೆಸರು ಅದೇ. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ಸೇರಿಸಿ ಹಿಡಿದು ಪಂಪು ಹೊಡೆದಂತೆ ಕುಲುಕುತ್ತ, ದರವನ್ನು ಬಯಲೆಲ್ಲ ಕೇಳುವಂತೆ ಒದರುತ್ತಾನೆ. ಒಪ್ಪದವನು ಕೈ ಕಿತ್ತುಕೊಂಡು ಓಡಲು ನೋಡುತ್ತಾನೆ. ದಲಾಲ ಬಿಡುವುದಿಲ್ಲ.

"ಏನ್ ನಾಚಿಕಿಗೇಡಿ ಸೌದಾ ಲೇ ಇದು! ಊರಿಗೆಲ್ಲಾ ಕೇಳಂಗ!" ಎಂದು ಕಾಶಿಗೆ ನಿಜವಾಗಿ ಸಂಕಟವಾಯಿತು. ಆ ಮುದುಕನಿಗೆ ಮರ್ಯಾದೆಯ ವ್ಯಾಪಾರ ಹೇಗಿರುತ್ತದೆ ಎಂದು ತೋರಿಸಬೇಕೆಂದು ಅವನ ಕೈ ಹಿಡಿದು, ಮೇಲೆ ತನ್ನ ಕೆಂಪು ಟವೆಲ್ ಹೊದಿಸಿ ಬೆರಳು ಒತ್ತತೊಡಗಿದಳು. ಮುದುಕ ಕಣ್ಣರಳಿಸಿದ. ಟವೆಲ್ ಅಲುಗಿತು. ಎಲ್ಲಿಂದಲೋ ದಲಾಲ ಹಾರಿ ಬಂದು ಟವೆಲಿನ ಮೇಲಿನಿಂದಲೇ ಎರಡೂ ಕೈ ಹಿಡಿದು ಕುಲುಕಿದ. ಸುತ್ತಲಿನವರು ಹೋ ಎಂದರು. ಮುದುಕ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, ಕುರಿಯ ಹಗ್ಗವನ್ನು ಕಾಶಿಯ ಕೈಗೆ ಕೊಟ್ಟ.

ಗುಲ್‌ನೋರಾ ಓಡಿ ಬಂದು ಹೇಳಿದರು: ಕೈ ಕುಲುಕಿದ ಮೇಲೆ ಸೌದಾ ಮುಗಿಯಿತು, ಈಗ ಇಲ್ಲ ಅನ್ನುವುದು ಮುದುಕನಿಗೆ ಬಯಲಿನ ನಡುವೆ ಅವಮಾನ.

ಹೀಗೆ ಬೇಮಳಖೇಡದ ಕಾಶಿಬಾಯಿ ಸಮರ್‌ಕಂದಿನಲ್ಲಿ ಒಂದು ಕುರಿ ಕೊಂಡಳು. ಬಸ್ಸಿನಲ್ಲಿ ಇಪ್ಪತ್ತೆಂಟು ಜನ ಕಾಯುತ್ತಿದ್ದರು.

ಅದೇ ಬಜಾರಿನ ಗೋಡೆ

ಕೊಂಡದ್ದನ್ನು ಮಾರಿದರೆ ಯಾರಿಗೂ ಅವಮಾನವಿಲ್ಲವಲ್ಲ. ದಲಾಲ ಗಿರಾಕಿ ಹುಡುಕಲು ಹೋದ. ನಾವಿಬ್ಬರೂ ಬಜಾರಿನ ಮೋಟುಗೋಡೆಯ ಮೇಲೆ ಕೂತೆವು. ಕುರಿ ನಮ್ಮ ಕಾಲ ಬಳಿ ನನ್ನ ಸೀರೆಯ ಅಂಚನ್ನು ಪರೀಕ್ಷಿಸುತ್ತ ನಿಂತಿತು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಕಾಶಿ, ಹುಮನಾಬಾದ್ ಬಿಟ್ಟಾಗಿಂದ ನಾ ನಿನ್ನ ಹಿಂದ ಓಡಾಕತ್ತೀನಿ. ಒಂದೇ ಒಂದು ಅಧ್ಯಾಯ. ಅಷ್ಟು ಕೇಳು ಅಂದರ ನೀ ಕುರಿ ಖರೀದಿ ಮಾಡ್ತಿ!"

"ಈಗ ಓದು. ಹಗ್ಗ ಹಿಡದೀನಿ, ಎಲ್ಲೂ ಹೋಗಂಗಿಲ್ಲ."

ಓದಿದೆ. ಬ್ಯಾ ಎನ್ನುವ ಗದ್ದಲದಲ್ಲಿ ಗಂಟಲು ಏರಿಸಿ, ಏಳನೆಯ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹುಡುಗಿಯ ಕುಪ್ಪಸದಲ್ಲಿ ಮಡಚಿಟ್ಟ ಹಾಲ್ ಟಿಕೆಟ್, ಗೌರಿ ಹತ್ತಿದ್ದು, ಮುಂಗೈ ಹಿಡಿದದ್ದು, ಗಂಡ ಅಬ್ಬರಿಸಿದ್ದು, ಕಂಡಕ್ಟರಿಗೆ "ಇಬ್ಬರು" ಅಂದದ್ದು. ಕಾಶಿ ಮೊದಲ ಸಲ ಮಾತಾಡದೆ ಕೇಳಿದಳು.

"ಚಲೋ ಬರದಿ," ಅಂದಳು. "ಖರೇ ಅಲ್ಲ."

"ಅಂದ್ರ?"

"ನಾ ಅಲ್ಲಿ ಇರಲೇ ಇಲ್ಲ ಸುಮಿ."

ನಾನು ನಕ್ಕೆ. ಟವೆಲಿನ ಬಣ್ಣ ಸಹ ನನಗೆ ನೆನಪಿದೆ ಎಂದೆ. ಅದರ ಕರಿ ಅಂಚು, ಮೂಲೆಯಲ್ಲಿ ಸುಟ್ಟ ತೂತು.

"ಅದೇ ಹೇಳಾಕತ್ತೀನಿ. ಈ ಟವೆಲ್ ನಮ್ಮಪ್ಪಂದು. ಆವಾಗ ಅದು ಅಪ್ಪನ ಹೆಗಲ ಮ್ಯಾಲೇ ಇತ್ತು. ನೀ ಗಂಡನ ಬಿಟ್ಟು ಬಸ್ಸಿಳದು ಬೀದರಿಗಿ ಹೋದಿ ಅಂತ ಊರಾಗ ಸುದ್ದಿ ಬಂತು. ಆ ಪುಕ್ಕಲ ಸುಮಿ ಇಳದಾಳಂದ್ರ ನಾ ಸಂತೀಗಿ ಯಾಕ ಹೋಗಬಾರದು ಅಂತ, ಅಪ್ಪನ ಹೆಗಲ ಮ್ಯಾಲಿಂದ ಇದನ್ನ ಎಳಕೊಂಡೆ. ಎಂಟು ದಿನದ ಮ್ಯಾಲ ನಿನ್ನ ನೋಡಾಕ ಬೀದರಿನ ಹಾಸ್ಟೆಲಿಗಿ ಬಂದಿದ್ದೆ, ಬಗಲಾಗ ಮರಿ ಹಿಡಕೊಂಡು. ನೀ ನೋಡಿದ್ದು ಅದು."

ಕುರಿ ಸೀರೆ ಬಿಟ್ಟು ಕರಡಿನ ಕಡೆ ಬಾಯಿ ಹಾಕಿತು. ನಾನು ಹಾಳೆಗಳನ್ನು ಎದೆಗೆ ಒತ್ತಿಕೊಂಡೆ.

"ಮತ್ತ ಎಲ್ಲರೂ ನೀನೇ ಇಳಸಿದಿ ಅಂತಿದ್ರಲ್ಲ? ನಮ್ಮತ್ತಿ..."

"ನಿಮ್ಮತ್ತಿ ಮೂರು ವರ್ಷ ಬೈದಳು ನನಗ. ಮನಿ ಮುರಿಯಾಕಿ ಅಂತ. ನೀನೇ ಹೇಳಿದ್ದಿ ಆಕಿಗಿ, ಕಾಶಿ ಎಳದಳು ಅಂತ. ಅಂಜಿ ಹೇಳಿದ್ದಿ. ಆಮ್ಯಾಲ ಅದೇ ಖರೇ ಅಂತ ತಿಳಕೊಂಡಿ."

"ನೀ ಯಾಕ ಇಲ್ಲ ಅನ್ನಲಿಲ್ಲ?"

"ಬೈಗಳ ತಡಕೊಳ್ಳೋ ತಾಕತ್ ನಿಂಗ ಇರಲಿಲ್ಲ. ನಂಗಿತ್ತು." ಹಗ್ಗವನ್ನು ಕೈಗೆ ಸುತ್ತಿಕೊಂಡಳು. "ನನ್ನ ನೋಡಾಕ ಬರೋ ಗಂಡುಗಳೂ ಬರೋದು ಬಿಟ್ಟವು. ಹೋಗ್ಲಿ, ಅದರಾಗ ಎರಡು ದರಿದ್ರ ಇದ್ದವು. ಆದರ ಬಾಯಿಲೆ ಹೇಳಿದ್ದು ಬ್ಯಾರೆ. ಅಚ್ಚು ಹಾಕ್ಸಿದಿ ಅಂದ್ರ ನಾ ಸತ್ತ ಮ್ಯಾಲೂ ನಾನೇ ಇಳಸಿದಂಗ ಇರ್ತದ. ನಿಂದು ನೀ ವಾಪಸ್ ತಗೋ."

ಕುರಿಯನ್ನು ಹತ್ತಿರ ಎಳೆದುಕೊಂಡು ಕೇಳಿದಳು, "ಕಡೀಕ ನಾ ಏನಾಗ್ತೀನಿ ನಿನ್ನ ಪುಸ್ತಕದಾಗ?"

ಸುಳ್ಳು ಹೇಳಲಾಗಲಿಲ್ಲ. "ಹನ್ನೊಂದನೇ ಅಧ್ಯಾಯದಾಗ ಸಾಯ್ತಿ. ಸಿಡಿಲು ಬಡದು."

"ಯಾತಕ್ಕ?"

"ಕಥೀಗಿ ಬೇಕಾಗಿತ್ತು."

"ನಿನ್ನ ಕಥೀಗಿ ಸಿಡಿಲು ಬಡೀಲಿ," ಎಂದು ಎದ್ದು ನಿಂತಳು. ದಲಾಲ ಗಿರಾಕಿಯನ್ನು ಕರೆತಂದಿದ್ದ. ಈ ಸಲ ಕಾಶಿ ಟವೆಲ್ ಹೊದಿಸಲಿಲ್ಲ. ಆ ಊರಿನವರಂತೆ ಬಯಲಲ್ಲಿ ಕೈ ಕೊಟ್ಟು, ಅವರಿಗಿಂತ ಜೋರಾಗಿ ಒದರಿ ಕುರಿ ಮಾರಿದಳು. ಬಸ್ಸಿಗೆ ಬಂದಾಗ ಒಬ್ಬರೂ ನಮ್ಮ ಜೋಡಿ ಮಾತಾಡಲಿಲ್ಲ.

ಹೋಟೆಲು

ಸಾಕ್ಷಿ ಇನ್ನೂ ಒಬ್ಬರಿದ್ದರು. ಮಧ್ಯಾಹ್ನವೇ ಬಸವಕಲ್ಯಾಣಕ್ಕೆ ಫೋನು ಮಾಡಿದೆ. ನಮ್ಮ ಮನೆಯವರು, ಆ ಬಸ್ಸಿನಲ್ಲಿದ್ದ ಗಂಡನೇ, ಹೈದರಾಬಾದಿನ ಕೆಲಸ ಬಿಟ್ಟು ಬಂದು ಅಲ್ಲೇ ನೋಟ್‌ಬುಕ್ಕು ಪೆನ್ನುಗಳ ಅಂಗಡಿ ಇಟ್ಟು ಬಹಳ ಕಾಲವಾಯಿತು. ಗಿರಾಕಿಗೆ ಏನೋ ಕಟ್ಟಿಕೊಡುತ್ತಲೇ ಮಾತಾಡಿದರು.

"ಏನ್ರಿ, ನಾ ಮನ್ನಾಏಖೇಳ್ಳಿಯೊಳಗ ಇಳದೆನಲ್ಲ, ಅವತ್ತು ಕಾಶಿ ಬಸ್ಸಿನ್ಯಾಗ ಹತ್ತಿದ್ಳೇನು?"

ಕಾಗದದ ಸದ್ದು ನಿಂತಿತು.

"ಇಲ್ಲ," ಅಂದರು. "ನೀ ಒಬ್ಬಾಕಿನೇ ಇಳದಿ. ನೀರಿನ ತಂಬಿಗಿ ನನ್ನ ಕೈಯಾಗ ಕೊಟ್ಟಿ. ಬಾಳಿಹಣ್ಣು ತರಾಕ ಹೊಂಟಿ ಅಂತ ತಿಳದು ನಾನು ಜಲ್ದಿ ಬಾ ಅಂದೆ. ಜಹೀರಾಬಾದ್ ಬರೋ ತನಕಾ ಹಿಂದ ನೋಡ್ಕೋತ ಹೋದೆ."

ಅವರು ಅಬ್ಬರಿಸಿರಲಿಲ್ಲ. ಜಲ್ದಿ ಬಾ ಅಂದಿದ್ದರು. ನಾನು ನಾಲ್ಕು ಪುಟ ಅಬ್ಬರ ಬರೆದಿದ್ದೆ.

"ಇಷ್ಟು ವರ್ಷ ಕಾಶಿ ಇಳಸಿದಳು ಅಂತ ನಾ ಹೇಳ್ಕೋತ ಬಂದಾಗ ಯಾಕ ಸುಮ್ಮ ಇದ್ರಿ?"

"ನನಗೂ ಅದೇ ಅನುಕೂಲ ಇತ್ತು. ಹೆಂಡ್ತಿ ತಾನೇ ಬಿಟ್ಟು ಇಳದಳು ಅನ್ನೋದಕಿಂತ, ಗೆಳತಿ ಎಳಕೊಂಡು ಹೋದಳು ಅಂದ್ರ ಮಂದ್ಯಾಗ ಹೇಳಾಕ ಬರ್ತದ." ಮತ್ತೆ ಕಾಗದ ಸದ್ದು ಮಾಡಿತು. "ಅಲ್ಲಿ ಚಳಿ ಅದೇನು? ಸ್ವೆಟರ್ ಹಾಕ್ಕೋ."

ಗುಂಪಿನವರು ಆ ದಿನ ಮಧ್ಯಾಹ್ನ ಪ್ರಸಿದ್ಧ ಚೌಕ ನೋಡಿ ಬಂದರು. ನಾನು ಕೋಣೆಯ ಕುರ್ಚಿಯ ಮೇಲೆ ಕೂತು, ಆ ಬಸ್ಸಿನಲ್ಲಿ ನಿಜಕ್ಕೂ ಏನಿತ್ತು ಎಂದು ಒಂದೊಂದಾಗಿ ಎತ್ತಿ ನೋಡಿದೆ. ಹಾಲ್ ಟಿಕೆಟ್ ಇತ್ತು. ತಂಬಿಗೆ ಇತ್ತು, ಅದರ ತಣ್ಣಗಿನ ಕಂಠ ನೆನಪಾಯಿತು. ಕಾಶಿಯನ್ನು ತೆಗೆದ ಮೇಲೆ ನನ್ನ ಮುಂಗೈಯನ್ನು ಯಾರೂ ಹಿಡಿದಿರಲಿಲ್ಲ. ಆದರೂ ಕಾಲು ಎದ್ದಿದ್ದವು. ಆ ಹುಡುಗಿಯನ್ನು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ. ಅವಳ ಬಗ್ಗೆ ನನಗೆ ಹೆದರಿಕೆಯಾಯಿತು.

ಮನ್ನಾಏಖೇಳ್ಳಿ

ವಾಪಸು ಹೈದರಾಬಾದಿನಿಂದ ಬಸ್ಸಿನಲ್ಲಿ ಬಂದೆವು. ಜಹೀರಾಬಾದ್ ದಾಟಿದ ಮೇಲೆ ಕಾಶಿ ನನ್ನ ಕೈ ಎಳೆದು ಟವೆಲ್ ಹೊದಿಸಿದಳು.

"ಏನ್ ಮಾಡ್ತಿ? ಮಂದಿ ನೋಡ್ತಾರ."

"ಸೌದಾ. ಏಳನೇದರಾಗ ನನ್ನ ತಗೀತಿ?" ಎಂದು ಒಂದು ಬೆರಳು ಒತ್ತಿದಳು.

"ತಗೀತೀನಿ. ಪುಸ್ತಕದ ಜೀವಾನೇ ಹೋಗ್ತದ."

"ಹನ್ನೊಂದನೇದರಾಗ ಬದುಕಸ್ತಿ?" ಎರಡು ಬೆರಳು.

"ಕಾಶಿ, ಸಿಡಿಲು ಬಹಳ ಚಲೋ ಬರದೀನಿ."

ಅವಳು ಎರಡೂ ಬೆರಳನ್ನು ಬಿಡಲಿಲ್ಲ. ನನಗೆ ನೋವಾಗುವಷ್ಟು ಒತ್ತಿದಳು. ಈ ಹಿಡಿತದಲ್ಲಿ ಎಷ್ಟು ಗಂಡಸರು ಸೋತಿದ್ದಾರೋ. "ಆಯ್ತು ಮಾರಾಯ್ತಿ," ಅಂದೆ.

ಅವಳು ಬೇಮಳಖೇಡಕ್ಕೆ ಮನ್ನಾಏಖೇಳ್ಳಿಯಲ್ಲಿ ಇಳಿಯಬೇಕು. ನಾನು ಮುಂದೆ ಹುಮನಾಬಾದಿಗೆ, ಪ್ರೆಸ್ಸಿಗೆ. ಬಸ್ಸು ನಿಂತಿತು. ಕಂಡಕ್ಟರ್ ಹಿಂದೆ ತಿರುಗಿ, "ಎಷ್ಟು ಮಂದಿ ಇಳಿಯೋರ್ರಿ?" ಅಂದ.

ಕಾಶಿ ನನ್ನ ಮುಖ ನೋಡಿದಳು. ಹೇಳಲಿಲ್ಲ. ಬಸ್ಸಿನವರೆಲ್ಲ ಕಾಯುತ್ತಿದ್ದರು, ಅವಳು ಚೀಲ ಕಾಲ ಬಳಿ ಇಟ್ಟುಕೊಂಡು ಬಾಯಿ ಮುಚ್ಚಿ ನಿಂತೇ ಇದ್ದಳು.

"ಒಬ್ಬರು," ಅಂದೆ ನಾನು.

ಅವಳು ಇಳಿದು, ಹಿಂದೆ ನೋಡದೆ, ರಸ್ತೆ ದಾಟಬಾರದ ಕಡೆಯಲ್ಲೇ ದಾಟಿದಳು.

ಮತ್ತೆ ಹುಮನಾಬಾದ್

ವೀರಣ್ಣ ಕನ್ನಡಕ ಏರಿಸಿ ಏಳನೆಯ ಅಧ್ಯಾಯ ತಿರುವಿದರು. ಹಾಳೆಗಳ ಮೇಲೆ ಕೆಂಪು ಗೀಟುಗಳು, ಒಂದರ ಮೂಲೆಯಲ್ಲಿ ಸಮರ್‌ಕಂದಿನ ಕುರಿ ಕಚ್ಚಿದ ಗುರುತು.

"ಮೇಡಂ, ಗೌರಿನೇ ತಗದ್ರಿ? ಇದೇ ಅಲ್ರಿ ಪುಸ್ತಕ?"

"ಆಕಿ ಅಲ್ಲಿ ಇರಲಿಲ್ರಿ."

"ಮತ್ತ ಆ ಹುಡುಗಿಗಿ ಯಾರು ಇಳಸ್ತಾರ?"

"ಯಾರೂ ಇಲ್ಲ."

ಅವರು ಹಾಳೆ ಇನ್ನೊಮ್ಮೆ ನೋಡಿದರು. "ಯಾರರೆ ಬೇಕಲ್ರಿ. ಹಂಗ ಒಬ್ಬಾಕಿನೇ ಹ್ಯಾಂಗ ಇಳೀತಾಳ? ಓದೋರು ನಂಬಂಗಿಲ್ಲ."

"ನಾನೂ ನಂಬಿರಲಿಲ್ರಿ," ಅಂದೆ. "ಹದಿನೈದು ದಿನ ಟೈಮ್ ಕೊಡ್ರಿ."

ವೀರಣ್ಣ ಖಾಲಿ ಇಟ್ಟ ಮಷೀನನ್ನೂ ನನ್ನನ್ನೂ ನೋಡಿ, ದೊಡ್ಡದಾಗಿ ಉಸಿರು ಬಿಟ್ಟರು. ಆ ಉಸಿರು ನನಗೆ ಚೆನ್ನಾಗಿ ಗುರುತಿತ್ತು. ಎಂಟು ದಿನ ನಾನೂ ಅದನ್ನೇ ಬಿಟ್ಟಿದ್ದೆ. ಅವರ ಮೇಜಿನ ಮೇಲಿದ್ದ ಕೆಂಪು ಪೆನ್ನು ಕೇಳಿ ತೆಗೆದುಕೊಂಡು, ಅಲ್ಲೇ ನಿಂತು, ಕುರಿ ಕಚ್ಚಿದ ಹಾಳೆಯ ಅಂಚಿನಲ್ಲಿ ಮೊದಲ ಸಾಲು ಬರೆದೆ: ಹುಡುಗಿ ನೀರಿನ ತಂಬಿಗೆಯನ್ನು ಗಂಡನ ಕೈಗೆ ಕೊಟ್ಟು ಎದ್ದು ನಿಂತಳು.